ಗೌರಿಯ ಮುಖ ತೊಳೆದವರು

ನನ್ನ ಫೋನಿನಲ್ಲಿ ನಮ್ಮೂರ ಹೆಂಗಸರ ಹೆಸರಿಲ್ಲ, ಅವರವರ ದನಗಳ ಹೆಸರಿದೆ. ಗಂಗೆ ಅಂತ ಒತ್ತಿದರೆ ಹಿಂದಿನ ಬೀದಿಯ ಚಿಕ್ಕಬೋರಮ್ಮ ಎತ್ತುತ್ತಾರೆ. ಕೊಂಬಿ ಅಂತ ಒತ್ತಿದರೆ ಡೇರಿ ಪಕ್ಕದ ಕೆಂಪಯ್ಯನ ಹೆಂಡತಿ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಮನುಷ್ಯರಿಗಿಂತ ಮೊದಲು ದನಗಳೇ ಪರಿಚಯವಾದವು, ಹಾಗೆಯೇ ಉಳಿದುಬಿಟ್ಟಿತು. ನನ್ನ ಹೆಸರು ವೀಣ. ಬೇವಿನಕೊಪ್ಪಲಿನ ಪಶುಸಖಿ. ಹನಕೆರೆ ಬಿಟ್ಟು ಒಳಗೆ ಬಂದರೆ ನಾಲೆಯ ಪಕ್ಕ ಸಿಗುತ್ತದೆ ನಮ್ಮೂರು.

ಪಶುಸಖಿ ಎಂದರೆ ಡಾಕ್ಟರಲ್ಲ. ದನಕ್ಕೆ ಹುಷಾರಿಲ್ಲ ಅಂದರೆ ಹೋಗಿ ನೋಡಬೇಕು, ಫೋಟೋ ತೆಗೆಯಬೇಕು, ಆಪಿಗೆ ಹಾಕಬೇಕು. ಅದು ಮದ್ದೂರಿನ ಆಶ್ರಿತಾ ಮೇಡಂಗೆ ಹೋಗುತ್ತದೆ. ಮೇಡಂ ದನದ ಡಾಕ್ಟರು. ನೋಡಿ, ಏನು ಮಾಡಬೇಕೋ ಹೇಳುತ್ತಾರೆ, ಬರಬೇಕಾದದ್ದಕ್ಕೆ ಸ್ಕೂಟರ್ ಹತ್ತಿ ಬರುತ್ತಾರೆ. ನಾನು ಅವರ ಕಣ್ಣು, ಅಷ್ಟೇ. ಕಣ್ಣಿಗೆ ಧೂಳು ಬಿದ್ದರೆ ಮೇಡಂ ಆದರೂ ಏನು ನೋಡಿಯಾರು?

ಆ ಆಪಿಗೆ ಒಂದು ಹಾಳು ಚಟವಿದೆ. ದನದ ಕಿವಿಗೆ ಹಾಕಿದ ಹಳದಿ ಬಿಲ್ಲೆಯ ನಂಬರು ಕಾಣದಿದ್ದರೆ ಫೋಟೋವನ್ನೇ ಒಪ್ಪುವುದಿಲ್ಲ. ನಮ್ಮ ಹೆಂಗಸರು ಆ ಬಿಲ್ಲೆಗೆ 'ಗೌರ್ಮೆಂಟು ಓಲೆ' ಅನ್ನುತ್ತಾರೆ. ಓಲೆಗೆ ಸಗಣಿ ಮೆತ್ತಿದ್ದರೆ 'ಚಿತ್ರ ಅಸ್ಪಷ್ಟವಾಗಿದೆ, ಮತ್ತೊಮ್ಮೆ ತೆಗೆಯಿರಿ' ಅಂತ ಕೆಂಪಕ್ಷರ ಬರುತ್ತದೆ. ಮತ್ತೊಮ್ಮೆ ತೆಗೆಯುವಷ್ಟರಲ್ಲಿ ಹಸು ಬಾಲ ಬೀಸಿ ನನ್ನ ಕೆನ್ನೆಗೆ ಬಾರಿಸಿರುತ್ತದೆ. ಹಾಗಾಗಿ ಬೈದು ಬೈದು ಊರಿಗೇ ಒಂದು ಪಾಠ ಕಲಿಸಿದೆ: ಫೋಟೋಗೆ ಮುಂಚೆ ದನದ ಮುಖ ತೊಳೀರಿ.

ನಮ್ಮತ್ತೆ ದೇವಿರಮ್ಮ ಎಲ್ಲರಿಗಿಂತ ಚೆನ್ನಾಗಿ ಕಲಿತರು. ಗೌರಿಯ ಫೋಟೋ ಅಂದರೆ ಮುಖ ತೊಳೆದು, ಸೆರಗಿನಲ್ಲಿ ಒರೆಸಿ, ಅರಿಶಿನ ಹಚ್ಚಿ, ಕುಂಕುಮ ಇಟ್ಟು ನಿಲ್ಲಿಸುತ್ತಿದ್ದರು. "ಲಚ್ಮಿ ಕಣೆ. ಬೋಳ್ ಮೊಕದಲ್ಲಿ ಫೋಟೋ ತೆಗಿಯಾದಾ?" ಎನ್ನುತ್ತಿದ್ದರು. ಗೌರಿಯನ್ನು ಅವರು ಕರುವಿನಿಂದ ಸಾಕಿದ್ದರು. ತಾಯಿ ಸತ್ತ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವರು. ನನಗೆ ಆ ಶೃಂಗಾರ ನೋಡಿ ನಗು ಬರುತ್ತಿತ್ತು.

ಈ ಸಲದ ಯುಗಾದಿಯ ಬೆಳಿಗ್ಗೆ ಗಂಗೆ ಕರು ಹಾಕಿದೆ, ಮಾಸು ಬಿದ್ದಿಲ್ಲ ಎಂದು ಚಿಕ್ಕಬೋರಮ್ಮ ಕರೆದರು. ಹೋಗಿ, ಮೇಡಂಗೆ ತೋರಿಸಿ, ಅವರು ಹೇಳಿದ್ದನ್ನು ಮಾಡಿಸಿ ಮನೆಗೆ ಬಂದೆ. ನಮ್ಮ ಕೊಟ್ಟಿಗೆಯಲ್ಲಿ ಗೌರಿ ಸತ್ತು ಬಿದ್ದಿದ್ದಳು.

ಹಿಂದಿನ ಸಂಜೆ ಹಾಲು ಕೊಟ್ಟ ಹಸು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖ ತೊಳೆದಿತ್ತು. ಹಣೆಯಲ್ಲಿ ಅರಿಶಿನ ಕುಂಕುಮ, ಕೊಂಬಿನಲ್ಲಿ ಬೇವಿನ ಎಳೆಯ ಕುಡಿ. ಕೊಟ್ಟಿಗೆಯ ನೆಲವನ್ನೂ ತೊಳೆದು ಸಾರಿಸಿದ್ದರು. ಹಬ್ಬವಲ್ಲವೇ ಅಂದುಕೊಂಡೆ.

"ನಿಂತಂಗೇ ಬಿದ್ದೋದ್ಲು ಕಣೆ. ಮೈ ತೊಳಿಯಾಕೂ ಬುಡ್ಲಿಲ್ಲ" ಎಂದರು ಅತ್ತೆ.

ಗೌರಿಯ ಹೊಟ್ಟೆ ಉಬ್ಬಿತ್ತು. ಅಳುತ್ತಲೇ ಫೋಟೋ ತೆಗೆದೆ. ಓಲೆಯ ನಂಬರು ಒಂದೇ ಸಲಕ್ಕೆ ಸಿಕ್ಕಿತು. ಮೇಡಂ ಕೂಡಲೇ ಫೋನ್ ಮಾಡಿದರು.

"ವೀಣಾ, ಮೂಗಲ್ಲಿ, ಬಾಯಲ್ಲಿ, ಹಿಂದುಗಡೆ ರಕ್ತ ಏನಾದ್ರೂ ಬಂದಿತ್ತಾ? ಸರಿಯಾಗಿ ಕೇಳಿ ಹೇಳಿ."

ಫೋನು ಸ್ಪೀಕರಿನಲ್ಲಿತ್ತು. ನಾನು ಕೇಳುವ ಮೊದಲೇ ಅತ್ತೆ ತಲೆಯಾಡಿಸಿದರು. "ಇಲ್ಲ ಕಣವ್ವ, ಏನೂ ಇಲ್ಲ. ವರ್ಸದ್ ಮೊದಲ್ನೇ ದಿನ ರಗುತದ್ ಮಾತ್ಯಾಕೆ ಮನೇಲಿ?"

ಫೋಟೋದಲ್ಲೂ ಇರಲಿಲ್ಲ. ಹೊಟ್ಟೆ ಉಬ್ಬರವಿರಬಹುದು ಎಂದರು ಮೇಡಂ. ಆದರೂ ಕೊಯ್ಯುವುದು ಗಿಯ್ಯುವುದು ಬೇಡ, ಆಳವಾಗಿ ಹೂಳಿ, ಮುಟ್ಟಿದವರೆಲ್ಲ ಸೋಪು ಹಾಕಿ ಕೈ ತೊಳೆಯಿರಿ ಎಂದರು. ನನ್ನ ಗಂಡ ಮಹದೇವು ಮತ್ತು ಮಾವ ನಿಂಗಯ್ಯ ಹೊಲದ ಮೂಲೆಯಲ್ಲಿ ಗುಂಡಿ ತೆಗೆಸಿ ಗೌರಿಯನ್ನು ಹೂಳಿದರು. ಅತ್ತೆ ಆ ದಿನ ಒಬ್ಬಟ್ಟು ಮುಟ್ಟಲಿಲ್ಲ.

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ವರ್ಷತೊಡಕು. ಅವತ್ತು ಬಾಡು ಬೇಯದ ಮನೆಯನ್ನು ಯಾರೂ ಮನೆ ಅನ್ನುವುದಿಲ್ಲ. ಗಂಡಸರು ಅರಳಿಕಟ್ಟೆಯಲ್ಲಿ ಇಸ್ಪೀಟು ಹಿಡಿದು ಕೂರುತ್ತಾರೆ. ಬೀದಿಯವರೆಲ್ಲ ಸೇರಿ ಒಂದು ಮರಿ ಕುಯ್ದು ಸಮನಾಗಿ ಗುಡ್ಡೆ ಹಾಕಿಕೊಳ್ಳುತ್ತಾರೆ. ಗುಡ್ಡೆ ಬಾಡಿನ ನ್ಯಾಯ ಕೋರ್ಟಿನಲ್ಲೂ ಸಿಗುವುದಿಲ್ಲ. ಹೆಚ್ಚಿದ ಈರುಳ್ಳಿಯಷ್ಟು ಸಣ್ಣ ಈಲಿಯ, ಅಂದರೆ ಲಿವರಿನ, ಚೂರಾದರೂ ಸರಿ, ಎಲ್ಲರ ಎಲೆಗೂ ಬೀಳಬೇಕು.

ಈ ಸಲ ಬೇರೆ ಯಾರದೋ ಮರಿ ಎಂದು ಮಾತಾಗಿತ್ತು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನಮ್ಮ ಟಗರನ್ನೇ ಕುಯ್ದಿದ್ದರು. ನನ್ನ ತವರು ಮಳವಳ್ಳಿ ಕಡೆಯಿಂದ ಮಾವ ತಂದು ಸಾಕಿದ್ದ ಬಂಡೂರು ಟಗರು ಅದು. ನಾಲೆಯ ಹೂಳು ತೆಗೆದು ಗುಡ್ಡೆ ಹಾಕಿದ್ದ ದಿಬ್ಬದ ಮೇಲೆ ಗೌರಿಯ ಜೊತೆಗೇ ಮೇಯುತ್ತಿತ್ತು. ಮಾವನಿಗೆ ಯಾಕೋ ಧಾರಾಳ ಬಂದಿದೆ, ಗೌರಿ ಹೋದ ಬೇಜಾರಿರಬೇಕು ಅಂದುಕೊಂಡು ಮಸಾಲೆಗೆ ಕುಳಿತೆ. ಆ ಟಗರು ಕೋಳಿ ಕೂಗುವ ಹೊತ್ತಿನಿಂದ ತೂರಾಡುತ್ತಿತ್ತಂತೆ. ನನಗೆ ಯಾರೂ ಹೇಳಲಿಲ್ಲ. ಆಮೇಲೆ ಮಾವ ಅಂದದ್ದು ಇಷ್ಟು: "ಕುಯ್ದ್ರೆ ಬಾಡು, ಬುಟ್ರೆ ಎಣ. ನಿಂಗೇಳಿದ್ರೆ ಫೋನ್ಗಾಕ್ಬುಡ್ತಿದ್ದೆ."

ಹಿತ್ತಲಿನಿಂದ ಅತ್ತೆ ಕೂಗಿದರು. "ವೀಣ, ಇದೇನೆ ಇದು? ಉಪ್ಪಾಕಿ ಮಡಗಿ ಎಷ್ಟೊತ್ತಾಯ್ತು, ರಗುತ ಎಪ್ಪೇ ಕಟ್ಲಿಲ್ವಲ್ಲ."

ಹುರಿಯುವುದಕ್ಕೆಂದು ಟಗರಿನ ರಕ್ತ ಹಿಡಿದಿಟ್ಟಿದ್ದರು. ಬೇರೆ ದಿನವಾದರೆ ಅಷ್ಟು ಹೊತ್ತಿಗೆ ಗಟ್ಟಿಯಾಗಿ, ಚಾಕು ಹಾಕಿದರೆ ತುಂಡು ಬರಬೇಕು.

"ಕದಡಿಬಿಟ್ರೇನೋ ಅತ್ತೆ" ಅಂದೆ, ಮೆಣಸಿನಕಾಯಿ ತೊಟ್ಟು ಮುರಿಯುತ್ತ.

"ನಾನ್ಯಾಕ್ ಕದಡ್ಲಿ? ಗೌರೀದೂ ಇಂಗೇ ಕಣೆ. ಮೂಗಲ್ಲಿ ಒರ್ಸಿದಷ್ಟೂ ಬತ್ತಾನೇ ಇತ್ತು. ಕರ್ರುಗೆ. ನಿಲ್ಲಾಕಿಲ್ಲ ಅಂತು."

ಮೆಣಸಿನಕಾಯಿ ಕೈಯಿಂದ ಬಿತ್ತು. ಮಂಡ್ಯದ ತರಬೇತಿಯಲ್ಲಿ ಮೇಡಂ ಎಷ್ಟೋ ರೋಗ ಹೇಳಿಕೊಟ್ಟಿದ್ದರು, ಅರ್ಧ ಮರೆತಿದ್ದೇನೆ. ಇದೊಂದನ್ನು ಮರೆತಿರಲಿಲ್ಲ. ನಿಂತ ದನ ನಿಂತಂತೆ ಬೀಳುವುದು, ಮೂಗು ಬಾಯಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ. ನೆರಡಿ. ಮೇಡಂ ಅದಕ್ಕೆ ಆಂಥ್ರಾಕ್ಸ್ ಅನ್ನುತ್ತಾರೆ. ಅಗೆದೆತ್ತಿದ ಹಳೆ ಮಣ್ಣಿನ ಮೇಲೆ ಮೇಯ್ದ ದನಕ್ಕೆ ಹತ್ತುತ್ತದೆ, ದನದಿಂದ ಮನುಷ್ಯರಿಗೆ ಬರುತ್ತದೆ, ಮುಟ್ಟಿದರೆ ಬರುತ್ತದೆ, ಕೈಯಲ್ಲಿ ಗಾಯವಿದ್ದರೆ ಇನ್ನೂ ಬೇಗ. ನನಗೆ ಅಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ.

ಹಿತ್ತಲಿಗೆ ಹೋದೆ. ಅತ್ತೆ ಬರಿಗೈಯಲ್ಲಿ ಬಾಡು ತೊಳೆಯುತ್ತಿದ್ದರು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಗೀರು. ಹಬ್ಬದ ಹಿಂದಿನ ದಿನ ಈಳಿಗೆಮಣೆಗೆ ತಗುಲಿದ್ದು.

"ಬಿಡಿ ಅತ್ತೆ! ಕೈ ತೆಗೀರಿ!"

ನಾನು ಅರಚಿದ ರೀತಿಗೆ ಅವರು ಪಾತ್ರೆಯನ್ನೇ ಕೆಡವಿದರು. ಸೋಪು, ಬಿಸಿನೀರು ಕೊಟ್ಟು ಮೊಣಕೈವರೆಗೆ ತೊಳೆಸಿದೆ. ಆಮೇಲೆ ಮೇಡಂಗೆ ಫೋನು. ಗೌರಿಯದೂ ಟಗರಿನದೂ ಎಲ್ಲ ಹೇಳಿದೆ.

"ಯಾರೂ ತಿನ್ನಬಾರದು, ಯಾರೂ ಮುಟ್ಟಬಾರದು. ಒಂದು ತುಂಡೂ ನಾಯಿಗೆ ಹಾಕಬಾರದು. ನಾನು ಹೊರಟೆ" ಎಂದರು ಮೇಡಂ.

ಗ್ರೂಪಿಗೆ ಮೆಸೇಜು ಹಾಕಿದೆ. ಯಾರೂ ನೋಡಲಿಲ್ಲ. ಲಸಿಕೆ, ಜಂತುಹುಳು, ಕೆಚ್ಚಲು ಬಾವು ಎಂದು ದಿನಾ ಹಾಕಿ ಹಾಕಿ, ಊರಿನ ಅರ್ಧ ಜನ ನನ್ನ ಗ್ರೂಪನ್ನು ಸದ್ದಿಲ್ಲದ ಹಾಗೆ ಮಾಡಿಟ್ಟಿದ್ದಾರೆ ಎಂದು ನನಗೂ ಗೊತ್ತಿತ್ತು. ಅರಳಿಕಟ್ಟೆಗೆ ಮಹದೇವುವನ್ನು ಓಡಿಸಿ ನಾನು ಹೆಂಗಸರಿಗೆ ಫೋನು ಹಚ್ಚಿದೆ. ಗಂಗೆ. ಕೊಂಬಿ. ಬಿಳಿ ಜೆರ್ಸಿ. ಕುಂಟಿ. ಹಸು ಬೆದೆಗೆ ಬಂದಾಗ ಇನ್ಸೆಮಿನೇಷನ್ನಿಗೆ ನಾನೇ ಫೋನು ಮಾಡುವವಳಾದ್ದರಿಂದ ನನ್ನ ಕರೆಯನ್ನು ಯಾವ ಹೆಂಗಸೂ ಬಿಡುವುದಿಲ್ಲ.

"ಇವತ್ಯಾವ್ ಬೆದೆನೇ, ನಮ್ ಕೊಂಬಿ ಗಬ್ಬ ಅಲ್ವಾ?" ಎಂದರು ಕೆಂಪಯ್ಯನ ಹೆಂಡತಿ.

"ಒಲೆ ಆರಿಸಿ ಅಕ್ಕ. ಬಾಡು ಮುಟ್ಟಬೇಡಿ. ನಮ್ಮ ಟಗರಿಗೆ ರೋಗ ಇತ್ತು. ನಮ್ಮ ಗೌರಿ ಸತ್ತದ್ದೂ ಅದರಿಂದಲೇ."

ಬೈಗುಳ ಶುರುವಾದವು. ವರ್ಷತೊಡಕಿನ ದಿನ ಎಸರು ಇಳಿಸು ಅನ್ನುವವಳ ಬಾಯಿಗೆ ಮಣ್ಣು ಹಾಕ ಎಂದರು ಒಬ್ಬರು. ರೋಗದ ಮರಿ ಗುಡ್ಡೆ ಹಾಕಿದವರು ನೀವು, ಈಗ ಪಾಠ ಹೇಳುವವಳೂ ನೀನಾ ಎಂದರು ಇನ್ನೊಬ್ಬರು. ಬೈಯಿರಿ, ಆದರೆ ಒಲೆ ಆರಿಸಿ ಎಂದೆ. ಮೇಡಂ ದಾರಿಯಿಂದಲೇ ಮಾತಾಡಿ ಕಳಿಸಿದ ದನಿಯ ಮೆಸೇಜನ್ನು ಒಬ್ಬೊಬ್ಬರಿಗೂ ಕಳಿಸಿದೆ. ಡಾಕ್ಟರ ದನಿ ಕೇಳಿದ ಮೇಲೆ ಫೋನಿನ ಆಚೆ ಬೈಗುಳ ನಿಂತು ಪಾತ್ರೆ ಇಳಿಸುವ ಸದ್ದು ಕೇಳಿಸಿತು.

ಮೇಡಂ ಕೈಗೆ ಗವಸು ಹಾಕಿಕೊಂಡು ಬಂದು, ಸುಡಲೆಂದು ಇಟ್ಟಿದ್ದ ಟಗರಿನ ತಲೆಯ ಕಿವಿಯಿಂದ ಒಂದು ಹನಿ ರಕ್ತವನ್ನು ಗಾಜಿಗೆ ತೆಗೆದುಕೊಂಡು ಹೋದರು. ಸಂಜೆಗೆ ಫೋನು ಬಂತು. ನೆರಡಿಯೇ. ಅಷ್ಟರಲ್ಲಿ ಬಾಡನ್ನೆಲ್ಲ ಒಟ್ಟುಮಾಡಿ ಸುಣ್ಣ ಸುರಿದು ಹೂತಿದ್ದೆವು, ಗೌರಿಯ ಗುಂಡಿಗೂ ಸುಣ್ಣ ಹಾಕಿ ಮುಳ್ಳು ಬಡಿದಿದ್ದೆವು. ಯಾರ ಬಾಯಿಗೂ ಹೋಗಿರಲಿಲ್ಲ. ಕೈಗೆ ಮಾತ್ರ ಎಲ್ಲರಿಗೂ ಹತ್ತಿತ್ತು.

ಆಸ್ಪತ್ರೆಯ ಜೀಪು ಬಂದು ಮುಟ್ಟಿದವರಿಗೆಲ್ಲ ಮಾತ್ರೆ ಕೊಟ್ಟಿತು. ಮೇಡಂ ಅರಳಿಕಟ್ಟೆಯ ಮೇಲೆ ನಿಂತು ಹೇಳಿದರು: "ದಿನಾ ಬೆಳಿಗ್ಗೆ ಎರಡೂ ಕೈ ಫೋಟೋ ತೆಗೆದು ವೀಣಾಗೆ ಕಳಿಸಿ. ಅವರು ಆಪಿಗೆ ಹಾಕ್ತಾರೆ, ಕೈ ಫೋಟೋಗೆ ಬಿಲ್ಲೆ ನಂಬರು ಕೇಳದ ಹಾಗೆ ಮಾಡಿಸಿದ್ದೀನಿ. ನಾನೂ ನೋಡ್ತೀನಿ, ನಿಮ್ಮ ಆಸ್ಪತ್ರೆ ಡಾಕ್ಟರೂ ನೋಡ್ತಾರೆ. ಮೊದಲು ಸೊಳ್ಳೆ ಕಚ್ಚಿದ ಹಾಗೆ ಒಂದು ಗುಳ್ಳೆ ಬರುತ್ತೆ. ಆಮೇಲೆ ನಡುವೆ ಕಪ್ಪಾಗುತ್ತೆ. ನೋಯೋದಿಲ್ಲ. ನೋಯ್ತಾ ಇಲ್ಲ ಅಂತ ಸುಮ್ಮನಿರಬೇಡಿ. ನೋವಿಲ್ಲದ ಗುಳ್ಳೆಗೇ ಹೆದರಬೇಕು."

ಕೆಂಪಯ್ಯ ಕೇಳಿದ: "ನೋವಿಲ್ದಿದ್ದಕ್ಕೂ ಎದರ್ಬೇಕಾ ಮೇಡಂ? ನಾವಿಷ್ಟು ದಿವ್ಸ ನೋವಿದ್ದದ್ಕೇ ಎದರ್ಲಿಲ್ವಲ್ಲ."

ಮಾರನೆಯ ಬೆಳಿಗ್ಗೆಯಿಂದ ನನ್ನ ಫೋನಿನ ತುಂಬ ಕೈಗಳು. ಊರಿನ ಕೈಗಳನ್ನು ಅಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ಕಬ್ಬಿನ ಗರಿ ಕುಯ್ದ ಗೀರುಗಳು, ಕುಡುಗೋಲಿನ ಗಾಯ, ಒಲೆಯ ಸುಟ್ಟ ಕಲೆ, ಒಡೆದ ಉಗುರು. ಗಾಯವಿಲ್ಲದ ಒಂದು ಕೈಯೂ ಇಲ್ಲ. ರೋಗ ಒಳಗೆ ಹೋಗಲು ಇಡೀ ಊರೇ ಬಾಗಿಲು ತೆರೆದು ಕೂತ ಹಾಗಿತ್ತು. ಒಂದೊಂದನ್ನೂ ದೊಡ್ಡದು ಮಾಡಿ ನೋಡುತ್ತಿದ್ದೆ. ಚುಕ್ಕೆ ಕಂಡರೆ ಫೋನು ಮಾಡಿ, "ಅದೇನು, ನೋಯ್ತದಾ?" ಎಂದು ಕೇಳುತ್ತಿದ್ದೆ. "ಊಂ ಕಣವ್ವ, ಮುಟ್ಟಕ್ಕಾಯ್ತಿಲ್ಲ" ಎಂದರೆ ಉಸಿರು ಬಿಡುತ್ತಿದ್ದೆ. ಇನ್ನೊಬ್ಬರಿಗೆ ನೋವಾಗಲಿ ಅಂತ ಹರಕೆ ಹೊರುವ ಕಾಲ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಮನೆಯಲ್ಲಿ ನಮ್ಮ ಕೈಗಳ ಫೋಟೋ ನಾನೇ ತೆಗೆಯುತ್ತಿದ್ದೆ. ಮಹದೇವು ಕೈ ಚಾಚಿ ನಿಲ್ಲುತ್ತಿದ್ದರು. ಮಾವ ಗೊಣಗುತ್ತ ಚಾಚುತ್ತಿದ್ದರು. ಅತ್ತೆ ಮಾತ್ರ, "ತಡಿಯೆ, ಬತ್ತೀನಿ" ಎಂದು ಬಚ್ಚಲಿಗೆ ಹೋಗಿ ಕೈ ತೊಳೆದು ಬರುತ್ತಿದ್ದರು. ಬಂದಾಗ ಎರಡೂ ಕೈಗೆ ದಟ್ಟವಾಗಿ ಅರಿಶಿನ.

"ಇದ್ಯಾಕೆ ಅತ್ತೆ ಅರಿಶಿನ?"

"ಮುತ್ತೈದೆ ಕೈ ಕಣೆ. ಡಾಕ್ಟ್ರವ್ವ ನೋಡಾದಲ್ವಾ, ಸಂದಾಗಿರ್ಲಿ."

ಹಬ್ಬದ ದಿನಗಳು, ವಯಸ್ಸಾದವರು, ಹೋಗಲಿ ಎಂದು ತೆಗೆದು ಕಳಿಸಿದೆ. ಆ ದಿನವೂ, ಅದರ ಮಾರನೆಯ ದಿನವೂ. ಆ ಹೊತ್ತಿಗೆ ನೂರು ಕೈ ನೋಡಿ ನನ್ನ ಕಣ್ಣು ಮಂಜಾಗಿತ್ತು.

ಅಂದು ಮಧ್ಯಾಹ್ನ ಮೇಡಂ ಗೌರಿಯ ಫೋಟೋ ಇನ್ನೊಮ್ಮೆ ಕಳಿಸಿ ಎಂದರು, ವರದಿಗೆ ಬೇಕಂತೆ. ಫೋನಿನಲ್ಲಿ ಹುಡುಕುತ್ತ ಹೋದೆ. ಅತ್ತೆಯ ಕೈ ಬಂತು. ಸರಿಸಿದೆ. ಊರಿನ ಕೈಗಳು. ಮತ್ತೆ ಅತ್ತೆಯ ಕೈ. ಸರಿಸಿದೆ. ಗೌರಿಯ ಮುಖ ಬಂತು. ತೊಳೆದ ಮುಖ, ಒರೆಸಿದ ಮೂಗು, ಮೇಲೆ ಅರಿಶಿನ. ಬೆರಳು ಅಲ್ಲೇ ನಿಂತಿತು. ಹಿಂದಕ್ಕೆ ಸರಿಸಿದೆ. ಅತ್ತೆಯ ಕೈ. ಮುಂದಕ್ಕೆ, ಗೌರಿ.

ಎರಡನ್ನೂ ತೊಳೆದವರು ಒಬ್ಬರೇ.

ನಾನು ಓಡಿದೆ. ಅತ್ತೆ ಖಾಲಿ ಕೊಟ್ಟಿಗೆಯಲ್ಲಿ ಗೌರಿಗೆ ಕಲಗಚ್ಚು ಹಾಕುತ್ತಿದ್ದ ಬಾನಿಯ ಪಕ್ಕ ಕೂತಿದ್ದರು. ಬಲಗೈ ಹಿಡಿದು ಎಳೆದು, ನೀರು ಸುರಿದು ನನ್ನ ಸೆರಗಿನಿಂದ ಉಜ್ಜಿದೆ. ಅರಿಶಿನ ಹೋಯಿತು. ಹೆಬ್ಬೆರಳ ಬುಡದಲ್ಲಿ, ಗೀರು ಇದ್ದ ಜಾಗದಲ್ಲಿ, ಸುತ್ತ ನೀರುಗುಳ್ಳೆ, ನಡುವೆ ಹುಣಸೆಬೀಜದಷ್ಟು ಕಪ್ಪು. ಮುಂಗೈ ಬಾತಿತ್ತು.

"ನೋಯ್ತದಾ ಅತ್ತೆ?" ಎಂದೆ. ನೋಯುತ್ತದೆ ಅನ್ನಲಿ ದೇವರೇ, ಒಂದು ಸಲ ಅನ್ನಲಿ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ.

"ಇಲ್ಲ ಕಣೆ. ವಸಿನೂ ನೋಯಾಕಿಲ್ಲ."

"ಮಾತ್ರೆ ನುಂಗಿದ್ರಿ ತಾನೇ?"

ಅತ್ತೆ ಬಾನಿಯ ಕಡೆ ನೋಡಿದರು. ಬಾನಿಯ ತಳದಲ್ಲಿ, ಒಣಗಿದ ಹಿಂಡಿಯ ನಡುವೆ ಮಾತ್ರೆಗಳು ಬಿದ್ದಿದ್ದವು, ಅಷ್ಟೂ.

"ಅವ್ಳ್ ಮೂತಿ ಒರ್ಸಿದ್ಕೆ ನಾನ್ ಮಾತ್ರೆ ನುಂಗಾದಾ?" ಎಂದರು ಅತ್ತೆ, ಅಳುತ್ತ. "ನನ್ ಕೈಯಾರ ಆಲ್ ಕುಡ್ಸಿ ಸಾಕ್ದೋಳು. ಸತ್ ಮ್ಯಾಲೆ ಅವ್ಳ್ ನಂಗೆ ಕೇಡು ಮಾಡಾಳಾ? ಈ ಗುಳ್ಳೆ ತೋರ್ಸುದ್ರೆ ಗೌರಿ ಕೊಂದ್ಲು ಅಂತೀರಾ ಎಲ್ಲಾರೂ. ನಾಳೆ ಓಯ್ತದೆ ಅಂತ ಅರಿಸ್ನ ಅಚ್ಚಿದೆ."

ನನಗೆ ಸಿಟ್ಟು ಬಂತು, ಅಳು ಬಂತು, ಎರಡಕ್ಕೂ ಪುರಸೊತ್ತಿರಲಿಲ್ಲ. ಗುಳ್ಳೆಯ ಫೋಟೋ ತೆಗೆದು ಮೇಡಂಗೆ ಕಳಿಸಿದೆ. "ಈ ಕ್ಷಣ ಮಂಡ್ಯಕ್ಕೆ ಹೊರಡಿ, ಆಸ್ಪತ್ರೆಗೆ ನಾನು ಹೇಳಿರ್ತೀನಿ" ಎಂದರು. ಮಹದೇವು ಬೈಕ್ ತೆಗೆದರು. ಅತ್ತೆಯನ್ನು ನಡುವೆ ಕೂರಿಸಿಕೊಂಡು ಹಿಂದೆ ನಾನು ಕೂತೆ. ಹನಕೆರೆ ದಾಟಿದ ಮೇಲೆ ಕಬ್ಬಿನ ಟ್ರಾಕ್ಟರು ಅಡ್ಡ, ಅದರ ಹಿಂದೆ ಇನ್ನೊಂದು. ಮಹದೇವು ಹಾರ್ನ್ ಒತ್ತಿ ಒತ್ತಿ ಕೊನೆಗೆ ಅತ್ತೇಬಿಟ್ಟರು. ಅತ್ತೆಯ ಮೈ ನನ್ನ ಎದೆಗೆ ಒರಗಿತ್ತು, ಸುಡುತ್ತಿತ್ತು. "ಚಳಿ ಕಣೆ" ಎಂದರು, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ.

ಆಸ್ಪತ್ರೆಯಲ್ಲಿ ಕೂಡಲೇ ಒಳಗೆ ಕರೆದುಕೊಂಡರು. ಬಾಟಲಿ ಹಾಕಿದರು, ಇಂಜೆಕ್ಷನ್ ಕೊಟ್ಟರು. ಡಾಕ್ಟರು ಕೈ ನೋಡಿ, "ಇನ್ನೂ ಮುಂಚೆ ಬರಬೇಕಿತ್ತು. ರಕ್ತಕ್ಕೆ ಏರಿದ್ಯಾ ಇಲ್ವಾ ಅಂತ ಈಗ್ಲೇ ಹೇಳೋಕಾಗಲ್ಲ" ಎಂದರು. ಮಾರನೆಯ ದಿನಕ್ಕೆ ಬಾವು ಮೊಣಕೈ ದಾಟಿ ತೋಳಿಗೆ ಏರಿತು. ಬಳೆಗಳನ್ನು ಕತ್ತರಿಸಿ ತೆಗೆದರು. ಅತ್ತೆ ಕಣ್ಣು ಬಿಡುತ್ತಿದ್ದರು, ಮುಚ್ಚುತ್ತಿದ್ದರು, ಬಾಟಲಿ ಕೇಳುತ್ತಿದ್ದರು. ಯಾವ ಬಾಟಲಿ ಎಂದು ಮೊದಲು ತಿಳಿಯಲಿಲ್ಲ. ಕರುವಿಗೆ ಹಾಲು ಕುಡಿಸುವ ಬಾಟಲಿ ಎಂದು ತಿಳಿದಾಗ ವರಾಂಡಕ್ಕೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡೆ.

ಊರಿನ ಕೈಗಳು ಮಾತ್ರ ತಪ್ಪದೆ ಬರುತ್ತಿದ್ದವು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಂದೊಂದನ್ನೂ ನೋಡುತ್ತಿದ್ದೆ. ಮಾತ್ರೆ ನುಂಗಿದವರ ಕೈಗಳೆಲ್ಲ ಶುಭ್ರವಾಗಿದ್ದವು.

ಅಂದು ಸಂಜೆ ಚಿಕ್ಕಬೋರಮ್ಮ ನೋಡಲು ಬಂದರು. ನಾನು ಮೆಡಿಕಲ್ಲಿಗೆ ಹೋಗಿದ್ದೆ. ಔಷಧಿ ಹಿಡಿದು ವಾರ್ಡಿಗೆ ಬಂದರೆ, ಅವರು ಒದ್ದೆ ಬಟ್ಟೆಯಲ್ಲಿ ಅತ್ತೆಯ ಮುಖ ಒರೆಸುತ್ತಿದ್ದರು. ಮೂಗು ಒರೆಸಿದರು, ಬಾಯಿ ಒರೆಸಿದರು. ಕೆನ್ನೆಗೆ ಅರಿಶಿನ ಸವರಿ ಆಗಿತ್ತು. ಎಲೆಯಡಿಕೆ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದು ಬಿಚ್ಚುತ್ತಿದ್ದರು. ಅತ್ತೆ ಕಣ್ಣು ಮುಚ್ಚಿ ಅಲುಗಾಡದೆ ಮಲಗಿದ್ದರು.

ಕೈಯಲ್ಲಿದ್ದದ್ದು ಬಿತ್ತು. "ತೊಳೀಬೇಡಿ!" ಎಂದು ಇಡೀ ವಾರ್ಡು ತಿರುಗುವ ಹಾಗೆ ಕೂಗಿದೆ. ಹೋಗಿ ಅವರ ಕೈ ಹಿಡಿದು ತಳ್ಳಿದೆ. ಕುಂಕುಮ ಬಿಳಿ ಹಾಸಿಗೆಯ ಮೇಲೆಲ್ಲ ಚೆಲ್ಲಿತು.

"ಯಾಕವ್ವ, ಮುತ್ತೈದೆ ಬರೀ ಅಣೇಲಿ ಮನಗವ್ಳಲ್ಲ ಅಂತ..." ಚಿಕ್ಕಬೋರಮ್ಮ ಹೆದರಿ ಹಿಂದೆ ಸರಿದರು.

"ನಮ್ಮತ್ತೆಗೆ ಉಸಿರದೆ. ಉಸಿರಿರೋರಿಗೆ ಹಾಗೆ ಮಾಡಬೇಡಿ" ಎಂದೆ. ಅತ್ತೆಯ ಮೂಗಿನ ಹತ್ತಿರ ಬೆರಳು ಇಟ್ಟೆ. ಬಿಸಿ ಗಾಳಿ ತಗುಲಿತು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ, ಕೆಂಪಿದೆಯೇ ಎಂದು. ಕೆಂಪಿತ್ತು. ಅದು ಚೆಲ್ಲಿದ ಕುಂಕುಮ ಎಂದು ನರ್ಸು ಎರಡು ಸಲ ಹೇಳಿದ ಮೇಲೆ ನಂಬಿದೆ. ನಂಬಿದ ಮೇಲೂ ಸೋಪು ಹಾಕಿ ಕೈ ತೊಳೆದು ಮತ್ತೆ ಬಂದು ಬೆರಳಿಟ್ಟು ನೋಡಿದೆ.

ಬಾವು ತೋಳಿನಲ್ಲೇ ನಿಂತಿತು. ಒಂದು ದಿನ ಏರಲೂ ಇಲ್ಲ, ಇಳಿಯಲೂ ಇಲ್ಲ. ಆಮೇಲೆ ಜ್ವರ ಬಿಟ್ಟಿತು. ಅತ್ತೆ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಊರಲ್ಲಿ ಯಾರ್ಗಾರಾ ಆಯ್ತಾ?" ಎಂದು. ಯಾರಿಗೂ ಇಲ್ಲ ಎಂದೆ. ಗೋಡೆಯ ಕಡೆ ತಿರುಗಿಕೊಂಡರು. "ಒರ್ಸ್‌ಬಾರ್ದಿತ್ತು ಕಣೆ" ಎಂದರು.

ಮನೆಗೆ ಬಂದ ಮೇಲೂ ಕೈಯ ಫೋಟೋ ದಿನಾ ಕಳಿಸಬೇಕೆಂದು ಡಾಕ್ಟರು ಹೇಳಿದ್ದರು. ಕಪ್ಪು ಹಕ್ಕಳೆ ಇನ್ನೂ ಬಿದ್ದಿರಲಿಲ್ಲ. ಮೊದಲ ಬೆಳಿಗ್ಗೆ ನಾನು ಫೋನು ಹಿಡಿದು ಅವರ ಮುಂದೆ ಕೂತೆ. ಅಂಗೈಯಲ್ಲಿ ಇನ್ನೊಂದು ಗುಳ್ಳೆ ಎದ್ದಿದ್ದರೆ? ಎಡಗೈಯಲ್ಲಿ? ಬೆನ್ನಲ್ಲಿ? ಈ ಮನುಷ್ಯೆ ಇನ್ನೇನನ್ನು ತೊಳೆದು ಇಟ್ಟಿದ್ದಾರೋ ಎಂಬ ಹೆದರಿಕೆ ನನ್ನನ್ನು ಬಿಟ್ಟಿರಲಿಲ್ಲ, ಈಗಲೂ ಬಿಟ್ಟಿಲ್ಲ.

ಅತ್ತೆ ಬಚ್ಚಲಿನ ಕಡೆ ನೋಡಿದರು. ಅಲ್ಲಿ ತಾಮ್ರದ ಚೊಂಬಿನಲ್ಲಿ ನೀರಿತ್ತು. ಗೂಡಿನಲ್ಲಿ ಅರಿಶಿನದ ಬಟ್ಟಲಿತ್ತು. ಆಮೇಲೆ ನನ್ನ ಮುಖ ನೋಡಿದರು. ಒಲೆಯ ಬೂದಿ ಮೆತ್ತಿದ್ದ ಕೈಯನ್ನು ಹಾಗೆಯೇ ನನ್ನ ಮುಂದೆ ಚಾಚಿದರು.

"ತಗಳವ್ವ" ಎಂದರು. "ತೊಳ್ದಿಲ್ಲ."

ಫೋಟೋ ತೆಗೆದೆ. ಫೋನು ಒಂದು ಗಳಿಗೆ ತಿರುಗಿ ಕೆಂಪಕ್ಷರ ತೋರಿಸಿತು: ಚಿತ್ರ ಅಸ್ಪಷ್ಟವಾಗಿದೆ, ಮತ್ತೊಮ್ಮೆ ತೆಗೆಯಿರಿ. ಅತ್ತೆಯ ಕೈ ಅಲುಗಾಡದೆ ನಿಂತಿತ್ತು. ನಡುಗುತ್ತಿದ್ದದ್ದು ನನ್ನ ಕೈ.